ಕರೆಂಟ್ ಹೋಗಿ ಬಂದ ಮೇಲೆ ಚಾಲೂ ಆಗದ ಸೆಟ್ಟು

ಕಲಬುರಗಿಯಲ್ಲಿ ಕೆಟ್ಟ ಹೋಂ ಥಿಯೇಟರನ್ನೋ ಹಳೆಯ ಆಂಪ್ಲಿಫೈಯರನ್ನೋ ರಿಪೇರಿಗೆ ಹೊತ್ತು ತರುವವರು ಹೇಳುವ ಮಾತು ಬಹುಮಟ್ಟಿಗೆ ಒಂದೇ ಆಗಿರುತ್ತದೆ: ರಾತ್ರಿ ಕರೆಂಟ್ ಹೋಗಿತ್ತು, ಬಂದ ಮೇಲೆ ಸೆಟ್ಟು ಚಾಲೂ ಆಗಲಿಲ್ಲ, ಹಾಗಾಗಿ ಕರೆಂಟು ಜೋರಾಗಿ ಬಂದು ಒಳಗೆ ಏನೋ ಸುಟ್ಟಿರಬೇಕು. ಇದರಲ್ಲಿ ಮೊದಲ ಎರಡು ಸಂಗತಿಗಳು ನಿಜ. ಮೂರನೆಯದು ಹಲವು ಸಲ ನಿಜವಲ್ಲ. ಎಷ್ಟೋ ಸೆಟ್ಟುಗಳು ಆ ರಾತ್ರಿ ಕೆಟ್ಟವಲ್ಲ. ತಿಂಗಳುಗಳ ಹಿಂದೆಯೇ ಕೆಟ್ಟಿದ್ದು, ವಿದ್ಯುತ್ತು ಎಡೆಬಿಡದೆ ಸಿಗುತ್ತಿದ್ದ ಒಂದೇ ಕಾರಣಕ್ಕೆ ಅವು ನಡೆದುಕೊಂಡು ಬಂದಿರುತ್ತವೆ. ಒಂದು ತಾಸು ಕರೆಂಟು ತಪ್ಪಿದಾಗ ಒಳಗಿನ ಬಹುದಿನದ ಕಾಯಿಲೆ ಹೊರಗೆ ಬೀಳುತ್ತದೆ. ಇದು ತಿಳಿಯದಿದ್ದರೆ ಕೆಲವೇ ರೂಪಾಯಿಗಳ ಬಿಡಿಭಾಗದ ಬದಲು ಇಡೀ ಪವರ್ ಸಪ್ಲೈ ಬೋರ್ಡನ್ನೇ ಕೊಳ್ಳಬೇಕಾಗುತ್ತದೆ, ಇಲ್ಲವೇ ಸೆಟ್ಟು ಗುಜರಿ ಸೇರುತ್ತದೆ.

ನಾನು ವೃತ್ತಿಯಿಂದ ಭೌತಶಾಸ್ತ್ರದ ಉಪನ್ಯಾಸಕ. ಶಹಾಬಜಾರಿನ ನಮ್ಮ ಮನೆಯ ಹಿಂಬದಿಯ ಕೋಣೆಯಲ್ಲಿ ಒಂದು ಮೇಜು, ಮಲ್ಟಿಮೀಟರ್, ಸೋಲ್ಡರಿಂಗ್ ಐರನ್ ಮತ್ತು ಒಂದು ಬಲ್ಬಿನ ಹೋಲ್ಡರ್ ಇವೆ. ಓಣಿಯವರು ತಂದುಕೊಡುವ ಸೆಟ್ಟುಗಳನ್ನು ಬಿಡುವಿನಲ್ಲಿ ನೋಡುತ್ತೇನೆ. ಹಾಡು ಸರಿಯಾಗಿ ಬರುವುದಿಲ್ಲ, ಗುಂಯ್ ಎನ್ನುತ್ತದೆ, ಒಂದು ಬದಿ ಮಾತ್ರ ನುಡಿಯುತ್ತದೆ ಎಂಬಂಥ ದೂರುಗಳನ್ನು ಇಲ್ಲಿ ಎತ್ತಿಕೊಳ್ಳುವುದಿಲ್ಲ. ಗುಂಡಿ ಒತ್ತಿದರೂ ಮಿಸುಕಾಡದ ಸೆಟ್ಟಿನ ಬಗ್ಗೆ ಮಾತ್ರ ಬರೆಯುತ್ತಿದ್ದೇನೆ.

ಸ್ಕ್ರೂ ಬಿಚ್ಚುವ ಮೊದಲು ಗೋಡೆಯ ಕಡೆ ನೋಡುವುದು ಒಳ್ಳೆಯದು. ನಮ್ಮಲ್ಲಿ ಪ್ರತಿ ಮನೆಯಲ್ಲೂ ಇರುವ ನಿಯಾನ್ ಟೆಸ್ಟರು ಫೇಸ್ ಇದೆಯೇ ಎಂಬುದನ್ನಷ್ಟೇ ಹೇಳುತ್ತದೆ. ನ್ಯೂಟ್ರಲ್ ತಂತಿ ಎಲ್ಲಿಯೋ ಕಡಿದಿದ್ದರೂ ಟೆಸ್ಟರು ಮಾತ್ರ ಕೆಂಪಗೆ ಉರಿಯುತ್ತದೆ. ಆದ್ದರಿಂದ “ಟೆಸ್ಟರ್ ಹತ್ತಿತು, ಬೋರ್ಡಿನಲ್ಲಿ ಕರೆಂಟ್ ಇದೆ” ಎಂಬ ತೀರ್ಮಾನ ಅರ್ಧ ಸತ್ಯ. ಅದೇ ಸಾಕೆಟ್ಟಿಗೆ ಒಂದು ಟೇಬಲ್ ಫ್ಯಾನನ್ನೋ ಇಸ್ತ್ರಿಪೆಟ್ಟಿಗೆಯನ್ನೋ ಹಚ್ಚಿ ನೋಡಿದರೆ ಸಂಶಯಕ್ಕೆ ಜಾಗವಿರುವುದಿಲ್ಲ. ಆ ಬಳಿಕ ಕಾರ್ಡು. ಅದು ಒಡೆಯುವುದು ಹೆಚ್ಚಾಗಿ ಪ್ಲಗ್ಗಿನ ಬುಡದಲ್ಲಿ ಅಥವಾ ಸೆಟ್ಟಿನೊಳಗೆ ಹೋಗುವ ತೂತಿನ ಬಳಿ, ಏಕೆಂದರೆ ಬಗ್ಗಿ ಬಗ್ಗಿ ತಾಮ್ರದ ಎಳೆಗಳು ಕಡಿಯುವುದು ಅಲ್ಲಿಯೇ. ಹೊರಗಿನ ರಬ್ಬರು ನೋಡಲು ಚೆನ್ನಾಗಿಯೇ ಇರುತ್ತದೆ. ಇನ್ನು ಸ್ಪೀಕರುಗಳ ತಂತಿಗಳನ್ನೆಲ್ಲ ಹಿಂದಿನಿಂದ ಬಿಚ್ಚಿ ಒಮ್ಮೆ ಆನ್ ಮಾಡಿ ನೋಡಬೇಕು. ಎರಡು ತಂತಿಗಳ ಎಳೆಗಳು ಟರ್ಮಿನಲ್ಲಿನಲ್ಲಿ ಒಂದಕ್ಕೊಂದು ತಾಗಿದ್ದರೆ ಒಳಗಿನ ರಕ್ಷಣಾ ಸರ್ಕ್ಯೂಟು ಸೆಟ್ಟನ್ನು ನಡೆಯಲು ಬಿಡುವುದಿಲ್ಲ, ಮಾಲೀಕರು ಮಾತ್ರ ಸೆಟ್ಟೇ ಸತ್ತಿತೆಂದು ತಿಳಿಯುತ್ತಾರೆ. ಕಾಸು ಖರ್ಚಿಲ್ಲದ ಪರೀಕ್ಷೆಗಳಿವು.

ಇಷ್ಟರ ಮೇಲೂ ಸೆಟ್ಟು ಚಾಲೂ ಆಗದಿದ್ದರೆ ಅದು ಹೇಗೆ ಸತ್ತಿದೆ ಎಂಬುದನ್ನು ಗಮನಿಸಬೇಕು. ಯಾವ ದೀಪವೂ ಇಲ್ಲದ ಸೆಟ್ಟು ಒಂದು ಬಗೆಯದು. ಕೆಂಪು ದೀಪ ಉರಿಯುತ್ತಿದ್ದು ರಿಮೋಟಿಗೂ ಗುಂಡಿಗೂ ಜಗ್ಗದ್ದು ಇನ್ನೊಂದು. ಟಕ್ ಎಂದು ರಿಲೇ ಎಂಬ ಒಳಗಿನ ಸ್ವಿಚ್ಚು ಬಡಿದು ಕ್ಷಣಮಾತ್ರದಲ್ಲಿ ಮತ್ತೆ ಬಿಡುವುದು ಮತ್ತೊಂದು. ಮೊದಲನೆಯದರಲ್ಲಿ ವಿದ್ಯುತ್ತು ಒಳಗೆ ಬಂದಿಲ್ಲ ಅಥವಾ ಬಂದದ್ದು ಬಾಗಿಲಲ್ಲೇ ನಿಂತಿದೆ. ಕೊನೆಯದರಲ್ಲಿ ಪವರ್ ಸಪ್ಲೈ ಬಹುಪಾಲು ಸರಿಯಾಗಿಯೇ ಇದ್ದು, ಔಟ್‌ಪುಟ್ ಐಸಿಯೋ ಟ್ರಾನ್ಸಿಸ್ಟರೋ ಶಾರ್ಟ್ ಆಗಿ ಸ್ಪೀಕರಿನ ಕಡೆಗೆ ನೇರ ವೋಲ್ಟೇಜು ಹೊರಟಿರುತ್ತದೆ. ಇವೆರಡನ್ನೂ ಒಂದೇ “ಡೆಡ್” ಎಂಬ ಚೀಟಿ ಅಂಟಿಸಿ ಅಂಗಡಿಗೆ ಕೊಟ್ಟರೆ ಮೆಕ್ಯಾನಿಕ್ಕು ಮೊದಲಿನಿಂದ ಹುಡುಕಬೇಕಾಗುತ್ತದೆ.

ನಮ್ಮ ಓಣಿಯ ಹಿರಿಯರೊಬ್ಬರು ತಂದ 5.1 ಸೆಟ್ಟು ಮೊದಲನೆಯ ಬಗೆಯದು. ಅವರು ಮುಂಜಾನೆ ಕಲಬುರಗಿ ಆಕಾಶವಾಣಿಯನ್ನೂ ಸಂಜೆ ಪೆನ್‌ಡ್ರೈವಿನಲ್ಲಿ ತುಂಬಿಸಿಕೊಂಡ ಭಜನೆ, ತತ್ವಪದಗಳನ್ನೂ ಅದರಲ್ಲಿ ಕೇಳುತ್ತಾರೆ.

“ನಿನ್ನಿ ರಾತ್ರಿ ತನಾ ಛಲೋ ಇತ್ರಿ ಮಾಸ್ತರ್ರೇ. ಒಂದ್ ತಾಸ್ ಕರೆಂಟ್ ಹೋಗಿ ಬಂತ್ ನೋಡ್ರಿ, ಮುಗೀತು. ಜೋರ್ ಬಂದು ಒಳಗ ಸುಟ್ಟಾದ್ರಿ.”

“ಸುಟ್ಟ ವಾಸನಿ ಬಂತೇನ್ರಿ ಕಾಕಾ?”

“ವಾಸನಿ ಏನ್ ಬಂದಿಲ್ರಿ.”

“ಗೋಡಿ ಮ್ಯಾಲಿನ ಸ್ವಿಚ್ ದಿನಾ ಬಂದ್ ಮಾಡ್ತಿದ್ರೇನ್ರಿ?”

“ರಿಮೋಟ್ ಅದಲ್ರಿ, ಗೋಡಿ ಸ್ವಿಚ್ ಯಾಕ್ ಮುಟ್ಟಬೇಕು?”

ಈ ಕೊನೆಯ ಉತ್ತರ ಕೇಳಿದ ಮೇಲೆ ರೋಗ ಎಲ್ಲಿರಬಹುದೆಂಬ ಅಂದಾಜು ಬಹುಮಟ್ಟಿಗೆ ಸಿಕ್ಕಿತು. ಹಿಂಬದಿಯ ಮುಚ್ಚಳ ತೆಗೆದಾಗ ಜಾಲರಿಗಂಡಿಗಳ ಮೇಲೆ ಧೂಳು ಹೆಪ್ಪುಗಟ್ಟಿ ಕೂತಿತ್ತು. ಸೆಟ್ಟಿನ ಮೇಲೆ ಹೊದಿಸಿದ್ದ ಕ್ರೋಶಾ ಬಟ್ಟೆಯ ಗುರುತು ಧೂಳಿನಲ್ಲೇ ಮೂಡಿತ್ತು. ಗಾಜಿನ ಫ್ಯೂಸು ಸಾಬೂತಾಗಿತ್ತು. ವಿದ್ಯುತ್ತನ್ನು ತುಂಬಿಟ್ಟುಕೊಳ್ಳುವ, ಜನ ಕಂಡೆನ್ಸರ್ ಎಂದೂ ಕರೆಯುವ ದೊಡ್ಡ ಕೆಪಾಸಿಟರಿನ ಎರಡು ಕಾಲುಗಳ ನಡುವೆ ಮೀಟರು 322 ವೋಲ್ಟ್ ತೋರಿಸಿತು. ಅಂದರೆ ಕಾರ್ಡು, ಸ್ವಿಚ್ಚು, ಫ್ಯೂಸು, ಬ್ರಿಜ್ ರೆಕ್ಟಿಫೈಯರಿನ ನಾಲ್ಕು ಡಯೋಡುಗಳು, ಎಲ್ಲವೂ ತಮ್ಮ ಕೆಲಸ ಮಾಡಿವೆ. 230 ವೋಲ್ಟಿನ ಪರ್ಯಾಯ ವಿದ್ಯುತ್ತನ್ನು ನೇರ ಮಾಡಿದಾಗ ಅದರ ಶಿಖರಮೌಲ್ಯ, 1.414ರಿಂದ ಗುಣಿಸಿದರೆ ಸುಮಾರು 325, ಆ ಕೆಪಾಸಿಟರಿನಲ್ಲಿ ನಿಲ್ಲಬೇಕು, ನಿಂತಿದೆ. ಹೊರಬದಿಯ 12 ವೋಲ್ಟ್ ಮತ್ತು 5 ವೋಲ್ಟಿನ ತಂತಿಗಳಲ್ಲಿ ಮಾತ್ರ ಏನೂ ಇಲ್ಲ. ಕಿವಿಯನ್ನು ಸ್ವಲ್ಪ ಹತ್ತಿರ ತಂದರೆ ಟಿಕ್, ಟಿಕ್ ಎಂಬ ಅತಿ ಸಣ್ಣ ಸದ್ದು, ಸೆಕೆಂಡಿಗೆ ಒಂದರಂತೆ.

ಆ ಟಿಕ್ ಸದ್ದು ಬಹಳ ಮಾತಾಡುತ್ತದೆ. ಈಗಿನ ಬಹುತೇಕ ಸೆಟ್ಟುಗಳಲ್ಲಿರುವ ಎಸ್‌ಎಂಪಿಎಸ್ ಎಂಬ ಪವರ್ ಸಪ್ಲೈಯನ್ನು ನಡೆಸುವ ಪುಟ್ಟ ಐಸಿಗೆ ತನ್ನದೇ ಆದ ವಿದ್ಯುತ್ತು ಬೇಕು, ಆ ವಿದ್ಯುತ್ತನ್ನು ಅದು ತಾನೇ ನಡೆಸುವ ಟ್ರಾನ್ಸ್‌ಫಾರ್ಮರಿನ ಒಂದು ಉಪಸುರುಳಿಯಿಂದ ಪಡೆಯುತ್ತದೆ. ಹಾಗಾದರೆ ಮೊದಲ ಬಾರಿ ಏಳುವುದು ಹೇಗೆ? ಕೈಪಂಪಿಗೆ ಮೊದಲು ಒಂದು ತಂಬಿಗೆ ನೀರು ಹೊಯ್ದು ಆಮೇಲೆ ಜಗ್ಗಿದಂತೆ, 325 ವೋಲ್ಟಿನ ಕಡೆಯಿಂದ ಲಕ್ಷಾಂತರ ಓಮ್‌ಗಳ ಒಂದು ರೆಸಿಸ್ಟರಿನ ಮೂಲಕ ಒಂದು ಚಿಕ್ಕ ಕೆಪಾಸಿಟರಿಗೆ ನಿಧಾನವಾಗಿ ಚಾರ್ಜು ತುಂಬುತ್ತದೆ. ಈ ಜಾತಿಯ ಐಸಿಗಳಲ್ಲಿ ಹಳೆಯದೂ ಪ್ರಸಿದ್ಧವೂ ಆದ ಯುಸಿ 3842 ಅನ್ನು ತೆಗೆದುಕೊಂಡರೆ, ಅಲ್ಲಿ 16 ವೋಲ್ಟ್ ಸೇರಿದಾಗ ಐಸಿ ಏಳುತ್ತದೆ, 10 ವೋಲ್ಟಿಗೆ ಇಳಿದರೆ ಮಲಗುತ್ತದೆ. ಎದ್ದ ಕೂಡಲೇ ಅದು ಆ ಚಿಕ್ಕ ಕೆಪಾಸಿಟರಿನ ಗಂಟನ್ನೇ ತಿನ್ನತೊಡಗುತ್ತದೆ. ಗಂಟು ಕರಗುವುದರೊಳಗೆ ಉಪಸುರುಳಿಯ ವಿದ್ಯುತ್ತು ಬಂದು ಕೈಗೂಡಬೇಕು.

ಇಲ್ಲಿ ಸ್ವಲ್ಪ ಲೆಕ್ಕ ಮಾಡಿದರೆ ವಿಷಯ ಸ್ಪಷ್ಟವಾಗುತ್ತದೆ. ಐಸಿಯೂ ಅದು ತಳ್ಳುವ ಟ್ರಾನ್ಸಿಸ್ಟರೂ ಸೇರಿ 15 ಮಿಲಿಆಂಪಿಯರ್ ಎಳೆಯುತ್ತವೆ ಎಂದಿಟ್ಟುಕೊಂಡರೆ, 47 ಮೈಕ್ರೊಫ್ಯಾರಡ್‌ನ ಆರೋಗ್ಯವಂತ ಕೆಪಾಸಿಟರು 16ರಿಂದ 10 ವೋಲ್ಟಿಗೆ ಇಳಿಯಲು ಸುಮಾರು 19 ಮಿಲಿಸೆಕೆಂಡು ಹಿಡಿಯುತ್ತದೆ. ಅಷ್ಟು ಹೊತ್ತು ಸಾಕು. ಕಾಕಾ ಅವರ ಸೆಟ್ಟಿನಲ್ಲಿ 47 ಎಂದು ಬರೆದುಕೊಂಡಿದ್ದ ಕೆಪಾಸಿಟರನ್ನು ಬಿಚ್ಚಿ ಅಳೆದಾಗ ಬಂದದ್ದು ಕೇವಲ 9. ಅದರ ಕಾಲಾವಕಾಶ 4 ಮಿಲಿಸೆಕೆಂಡಿಗಿಂತ ಕಡಿಮೆ. ಐಸಿ ಎದ್ದಿತು, ಆಹಾರ ಬರುವ ಮುನ್ನ ಮಲಗಿತು, ಮತ್ತೆ ತುಂಬಿತು, ಮತ್ತೆ ಎದ್ದಿತು. ಆ ಏಳುಬೀಳಿನ ಸದ್ದೇ ಟಿಕ್, ಟಿಕ್. ಆದರೆ ಒಮ್ಮೆ ಎದ್ದು ನಡೆಯತೊಡಗಿದ ಮೇಲೆ ಉಪಸುರುಳಿಯು ಸೆಕೆಂಡಿಗೆ ಹತ್ತಾರು ಸಾವಿರ ಸಲ ಕೆಪಾಸಿಟರನ್ನು ತುಂಬುತ್ತಲೇ ಇರುತ್ತದೆಯಾದ್ದರಿಂದ ಆ 9 ಮೈಕ್ರೊಫ್ಯಾರಡ್ಡೇ ಧಾರಾಳವಾಗಿ ಸಾಕಾಗುತ್ತದೆ. ರಿಮೋಟಿನಿಂದ ಮಾತ್ರ ಆರಿಸುತ್ತಿದ್ದುದರಿಂದ ಸ್ಟ್ಯಾಂಡ್‌ಬೈನಲ್ಲಿ ಹಗಲೂ ರಾತ್ರಿ ಎಚ್ಚರವಿದ್ದ ಸೆಟ್ಟಿಗೆ ಮತ್ತೊಮ್ಮೆ ಮೊದಲಿನಿಂದ ಏಳಬೇಕಾದ ಪ್ರಮೇಯವೇ ಬಂದಿರಲಿಲ್ಲ. ಒಂದು ತಾಸು ವಿದ್ಯುತ್ತು ತಪ್ಪಿ, ಒಳಗಿನ ಬಿಸಿಯೆಲ್ಲ ಆರಿದ ಮೇಲೆ ಆ ಪರೀಕ್ಷೆ ಎದುರಾಯಿತು.

ಬಿಸಿಯ ಮಾತನ್ನು ಸುಮ್ಮನೆ ಸೇರಿಸಿಲ್ಲ. ಆ ಚಿಕ್ಕ ಕೆಪಾಸಿಟರು ಒಳಗೆ ದ್ರಾವಣವಿರುವ ಎಲೆಕ್ಟ್ರೋಲಿಟಿಕ್ ಜಾತಿಯದು. ಒಣಗಿದ ಎಲೆಕ್ಟ್ರೋಲಿಟಿಕ್ ಕೆಪಾಸಿಟರು ಬೆಚ್ಚಗಿದ್ದಾಗ ತಣ್ಣಗಿದ್ದಾಗಿನದಕ್ಕಿಂತ ಚೆನ್ನಾಗಿ ನಡೆಯುತ್ತದೆ, ಏಕೆಂದರೆ ಕಾವು ಏರಿದಂತೆ ಒಳಗೆ ಉಳಿದಿರುವ ದ್ರಾವಣದ ಆಂತರಿಕ ರೋಧ ತಗ್ಗುತ್ತದೆ. ಇದರಿಂದ ಒಂದು ಸುಲಭ ಪರೀಕ್ಷೆಯೂ ದೊರೆಯುತ್ತದೆ: ಪ್ಲಗ್ಗು ಕಿತ್ತು, ಆ ಚಿಕ್ಕ ಕೆಪಾಸಿಟರಿಗೆ ಹೇರ್ ಡ್ರೈಯರಿನ ಗಾಳಿಯನ್ನು ಅರ್ಧ ನಿಮಿಷ ಹಿಡಿದು, ಡ್ರೈಯರನ್ನು ಪಕ್ಕಕ್ಕಿಟ್ಟು ಪ್ಲಗ್ಗು ಹಾಕಿದಾಗ ಸೆಟ್ಟು ಎದ್ದರೆ ಅಪರಾಧಿ ಅದೇ ಎಂದು ಹೆಚ್ಚುಕಡಿಮೆ ಖಚಿತ. ಕಾಕಾ ಅವರ ಸೆಟ್ಟು ಹಾಗೆಯೇ ಎದ್ದಿತು. ಚಳಿಗಾಲದ ಬೆಳಗಿನಲ್ಲಿ ಚಾಲೂ ಆಗದೆ ಹೊತ್ತೇರಿದ ಮೇಲೆ ಚಾಲೂ ಆಗುವ ಸೆಟ್ಟುಗಳ ಗುಟ್ಟು ಕೂಡ ಇದೇ. ಇನ್ನೊಂದು ಮಾತು: ದೊಡ್ಡ ಕೆಪಾಸಿಟರು ಕೆಟ್ಟಾಗ ನೆತ್ತಿ ಉಬ್ಬುವುದುಂಟು, ಈ ಚಿಕ್ಕವು ಉಬ್ಬದೆಯೇ ಒಣಗುತ್ತವೆ. “ಎಲ್ಲ ಕಂಡೆನ್ಸರ್ ನೋಡಿದೆ, ಒಂದೂ ಉಬ್ಬಿಲ್ಲ” ಎಂದು ಹೇಳುವವರು ನೋಡಿದ್ದು ದೊಡ್ಡವನ್ನು ಮಾತ್ರ. ಟಿಕ್ ಸದ್ದೂ ಇಲ್ಲದೆ, ಐಸಿಗೆ ವಿದ್ಯುತ್ತು ಬರುವ ಕಾಲಿನಲ್ಲಿ ಸೊನ್ನೆ ವೋಲ್ಟ್ ಇದ್ದರೆ, ತುಂಬುವ ರೆಸಿಸ್ಟರೇ ಕಡಿದಿರಬಹುದು. ಲಕ್ಷಾಂತರ ಓಮ್‌ಗಳ ರೆಸಿಸ್ಟರುಗಳು 300 ವೋಲ್ಟಿನ ಕೆಳಗೆ ವರ್ಷಗಟ್ಟಲೆ ದುಡಿದು ಸದ್ದಿಲ್ಲದೆ ಕೈಕೊಡುತ್ತವೆ.

ನಮ್ಮ ಊರಿನ ಬೇಸಿಗೆಗೆ ಈ ವಿಷಯದಲ್ಲಿ ದೊಡ್ಡ ಪಾಲಿದೆ. ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿಯ ಬಿಸಿಲು 42 ಡಿಗ್ರಿ ದಾಟುವುದು ಹೊಸ ಸುದ್ದಿಯಲ್ಲ. ಕೋಣೆಯೊಳಗೆ, ಗಾಜಿನ ಬಾಗಿಲಿನ ಶೋಕೇಸಿನಲ್ಲಿ, ಬಟ್ಟೆ ಹೊದ್ದು ಕುಳಿತ ಸೆಟ್ಟಿನ ಒಳಗೆ, ಅದರಲ್ಲೂ ಐಸಿಗಳ ಬಿಸಿಯನ್ನು ಹೊರಹಾಕುವ ಲೋಹದ ಹೀಟ್‌ಸಿಂಕಿನ ಬಗಲಿನಲ್ಲಿ ಕಾವು 75 ಡಿಗ್ರಿ ಮುಟ್ಟಿದರೆ ಆಶ್ಚರ್ಯಪಡಬೇಕಿಲ್ಲ. ಎಲೆಕ್ಟ್ರೋಲಿಟಿಕ್ ಕೆಪಾಸಿಟರಿನ ಆಯುಸ್ಸು ಪ್ರತಿ 10 ಡಿಗ್ರಿ ಕಾವು ಹೆಚ್ಚಿದಂತೆ ಅರ್ಧವಾಗುತ್ತದೆ, ಇಳಿದಂತೆ ಎರಡು ಪಟ್ಟಾಗುತ್ತದೆ ಎಂಬುದು ಈ ವಿದ್ಯೆಯ ಒಪ್ಪಿತ ಸೂತ್ರ. 105 ಡಿಗ್ರಿಯಲ್ಲಿ 2000 ತಾಸು ಬಾಳುವ ಕೆಪಾಸಿಟರು 75 ಡಿಗ್ರಿಯಲ್ಲಿ 16,000 ತಾಸು ಬಾಳಬೇಕು. ದೊಡ್ಡ ಸಂಖ್ಯೆಯಂತೆ ಕಾಣುತ್ತದೆ, ಆದರೆ ವರ್ಷಕ್ಕೆ 8,760 ತಾಸುಗಳು. ರಿಮೋಟಿನಿಂದ ಮಾತ್ರ ಆರಿಸುವ ಮನೆಯಲ್ಲಿ ಆ ಭಾಗಕ್ಕೆ ಬಿಡುವೇ ಇಲ್ಲವಾದ್ದರಿಂದ ಎರಡು ವರ್ಷ ತುಂಬುವ ಮೊದಲೇ ಲೆಕ್ಕ ಮುಗಿಯುತ್ತದೆ. ಬಟ್ಟೆ ತೆಗೆದು ಹಿಂದೆ ಗಾಳಿಯಾಡಲು ನಾಲ್ಕು ಬೆರಳು ಜಾಗ ಬಿಟ್ಟು ಒಳಗಿನ ಕಾವು 10 ಡಿಗ್ರಿ ಇಳಿಸಿದರೆ ಅದೇ ಭಾಗ ಮೂರೂವರೆ ವರ್ಷ ದಾಟುತ್ತದೆ. ಕಾರ್ಖಾನೆ 85 ಡಿಗ್ರಿಯ ಅಗ್ಗದ ಕೆಪಾಸಿಟರು ಹಾಕಿದ್ದರೆ ಎಷ್ಟು ಬೇಗ ಮುಗಿಯಬಹುದೆಂಬುದನ್ನು ಓದುಗರೇ ಊಹಿಸಬಹುದು. ಆಯುಸ್ಸು ಮುಗಿದ ದಿನವೇ ಸೆಟ್ಟು ನಿಲ್ಲುವುದಿಲ್ಲ ಎಂಬುದೂ ನಿಜ, ಅಲ್ಲಿಂದಾಚೆಗೆ ಇಳಿಜಾರು ಕಡಿದಾಗಿರುತ್ತದೆ ಅಷ್ಟೇ. ರಾತ್ರಿ ಗೋಡೆಯ ಸ್ವಿಚ್ಚು ಆರಿಸುವ ಅಭ್ಯಾಸ ಹೊಸ ಸೆಟ್ಟಿಗೆ ಬಹಳ ಒಳ್ಳೆಯದು. ಆದರೆ ಐದಾರು ವರ್ಷ ಎಂದೂ ಆರಿಸದ ಸೆಟ್ಟನ್ನು ಈ ಲೇಖನ ಓದಿ ಇವತ್ತು ಆರಿಸಿದವರು, ನಾಳೆ ಅದು ಏಳದಿದ್ದರೆ ನನ್ನನ್ನು ದೂರಬಾರದು.

ಸತ್ತ ಎಸ್‌ಎಂಪಿಎಸ್ ನಡೆಯುವ ಎಸ್‌ಎಂಪಿಎಸ್‌ಗಿಂತ ಅಪಾಯಕಾರಿ. ನಡೆಯುತ್ತಿರುವ ಸೆಟ್ಟಿನ ಪ್ಲಗ್ಗು ಕಿತ್ತರೆ ದೊಡ್ಡ ಕೆಪಾಸಿಟರಿನಲ್ಲಿರುವ 325 ವೋಲ್ಟು ಕೆಲಸದಲ್ಲಿ ಖರ್ಚಾಗಿ ಬೇಗ ಇಳಿಯುತ್ತದೆ. ಏಳಲಾರದ ಸೆಟ್ಟಿನಲ್ಲಿ ಆ ವಿದ್ಯುತ್ತಿಗೆ ಬೇಗ ಹೋಗಲು ದಾರಿಯಿಲ್ಲ. ಪ್ಲಗ್ಗು ಕಿತ್ತು, ಚಹಾ ಕುಡಿದು ಬಂದು ಮುಟ್ಟಿದರೂ ಅದು ಅಲ್ಲಿಯೇ ಕಾಯುತ್ತಿರುತ್ತದೆ. ಸ್ಕ್ರೂಡ್ರೈವರ್ ಅಡ್ಡ ಹಿಡಿದು ಪಟ್ ಎನ್ನಿಸುವ ಪದ್ಧತಿ ಕೆಲವರಲ್ಲಿದೆ. ಅದರಿಂದ ಬೋರ್ಡಿನ ತಾಮ್ರ ಹಾರುತ್ತದೆ, ಕಣ್ಣಿಗೂ ಅಪಾಯ. 10 ಕಿಲೊಓಮ್, 5 ವ್ಯಾಟಿನ ರೆಸಿಸ್ಟರಿಗೆ ಎರಡು ಇನ್ಸುಲೇಟೆಡ್ ತಂತಿ ಬೆಸೆದು ಇಟ್ಟುಕೊಂಡರೆ 220 ಮೈಕ್ರೊಫ್ಯಾರಡ್‌ನ ಕೆಪಾಸಿಟರು ಹತ್ತು ಹನ್ನೆರಡು ಸೆಕೆಂಡಿನಲ್ಲಿ ಬರಿದಾಗುತ್ತದೆ. ಬರಿದಾಯಿತೇ ಎಂಬುದನ್ನು ಮೀಟರಿನಿಂದ ನೋಡಿದ ಮೇಲೆಯೇ ಬೆರಳು ಹಾಕಬೇಕು. ಪ್ಲಗ್ಗು ಹಾಕಿ ಅಳೆಯಲೇಬೇಕಾದಾಗ ಒಂದು ಕೈ ಬೆನ್ನ ಹಿಂದೆ ಇರಬೇಕು, ಕಾಲಲ್ಲಿ ಚಪ್ಪಲಿ ಇರಬೇಕು. ನಮ್ಮ ಮನೆಗಳ ಶಹಾಬಾದ್ ಫರಸಿ ಒರೆಸಿದ ಮೇಲೆ ಬರಿಗಾಲಿನಲ್ಲಿ ನಿಂತು ಈ ಕೆಲಸ ಮಾಡಬಾರದು. 325 ವೋಲ್ಟಿನ ಬದಿಯನ್ನು ಅಳೆಯುವಾಗ ಮೀಟರಿನ ಕಪ್ಪು ತಂತಿ ಆ ದೊಡ್ಡ ಕೆಪಾಸಿಟರಿನ ಋಣ ಕಾಲಿನ ಮೇಲಿರಬೇಕೇ ಹೊರತು ಸೆಟ್ಟಿನ ತಗಡಿನ ಮೇಲಲ್ಲ.

ಫ್ಯೂಸು ಹೋಗಿದ್ದರೆ ಕಥೆಯೇ ಬೇರೆ. ಗಾಜು ಸ್ವಚ್ಛವಾಗಿದ್ದು ಒಳಗಿನ ತಂತಿ ಒಂದು ಕಡೆ ತುಂಡಾಗಿದ್ದರೆ ಫ್ಯೂಸು ಮುಪ್ಪಿನಿಂದ ಅಥವಾ ಸಣ್ಣ ಹೊರೆಯಿಂದ ಹೋಗಿರಬಹುದು. ಗಾಜಿನ ಒಳಮೈ ಕಪ್ಪಾಗಿಯೋ ಕನ್ನಡಿಯಂತೆ ಬೆಳ್ಳಗಾಗಿಯೋ ಇದ್ದರೆ ಮುಂದೆ ಎಲ್ಲಿಯೋ ನೇರ ಶಾರ್ಟ್ ಇದೆ, ಹೊಸ ಫ್ಯೂಸು ಹಾಕಿದರೆ ಅದೂ ಹೋಗುತ್ತದೆ. ಇಲ್ಲಿಯೇ ತಾಮ್ರದ ಎಳೆಯೊಂದನ್ನು ಸುತ್ತಿ “ನೋಡೋಣ” ಎನ್ನುವವರು ಬರುತ್ತಾರೆ. ಫ್ಯೂಸು ಕಾಯುತ್ತಿದ್ದ ಟ್ರಾನ್ಸ್‌ಫಾರ್ಮರನ್ನು ಸುಡಲು ಇದಕ್ಕಿಂತ ಹತ್ತಿರದ ದಾರಿಯಿಲ್ಲ. ನಾನು ಮಾಡುವುದು ಸೀರೀಸ್ ಬಲ್ಬಿನ ಪರೀಕ್ಷೆ: 100 ವ್ಯಾಟಿನ ಹಳೆಯ ಕಾಲದ ತಂತಿಬಲ್ಬನ್ನು ಫೇಸ್ ತಂತಿಯ ನಡುವೆ ಸೇರಿಸಿ, ಅದರ ಮೂಲಕವೇ ಸೆಟ್ಟಿಗೆ ವಿದ್ಯುತ್ತು ಕೊಡುವುದು. ಬಲ್ಬು ಒಮ್ಮೆ ಮಿಂಚಿ ಮಂಕಾದರೆ ಕೆಪಾಸಿಟರು ತುಂಬಿಕೊಂಡಿತು, ಶಾರ್ಟ್ ಇಲ್ಲ. ಪೂರ್ಣ ಪ್ರಕಾಶದಲ್ಲಿ ಉರಿಯುತ್ತಲೇ ನಿಂತರೆ ಶಾರ್ಟ್ ಇದೆ, ಆದರೂ ಬಲ್ಬು 0.43 ಆಂಪಿಯರಿಗಿಂತ ಹೆಚ್ಚು ಬಿಡುವುದಿಲ್ಲವಾದ್ದರಿಂದ ಹೊಸ ಭಾಗಗಳು ಉಳಿಯುತ್ತವೆ. ಮಿಂಚುವುದೂ ಇಲ್ಲದಿದ್ದರೆ ದಾರಿ ಎಲ್ಲಿಯೋ ಕಡಿದಿದೆ. ಎಲ್‌ಇಡಿ ಬಲ್ಬು ಈ ಕೆಲಸಕ್ಕೆ ಬಾರದು. ತಂತಿಬಲ್ಬು ಈಗ ಎಲ್ಲ ಅಂಗಡಿಯಲ್ಲಿ ಸಿಗುವುದಿಲ್ಲ. ಸೂಪರ್ ಮಾರ್ಕೆಟ್ಟಿನ ಹಳೆಯ ಎಲೆಕ್ಟ್ರಿಕಲ್ ಅಂಗಡಿಗಳಲ್ಲಿ ಕೇಳಿದರೆ ಮೇಲಿನ ಅಟ್ಟದಿಂದ ಇಳಿಸಿಕೊಡುತ್ತಾರೆ, ಸಿಕ್ಕಾಗ ಎರಡು ಕೊಂಡಿಡುವುದು ಲೇಸು.

ಕರೆಂಟು ನಿಜವಾಗಿಯೂ ಜೋರಾಗಿ ಬಂದು ಕೆಟ್ಟ ಸೆಟ್ಟುಗಳೂ ಇವೆ, ಇಲ್ಲವೆನ್ನುವುದಿಲ್ಲ. ಮೂರು ಫೇಸಿನ ಸಾಲಿನಲ್ಲಿ ನ್ಯೂಟ್ರಲ್ ಕಡಿದರೆ ಒಂದು ಮನೆಗೆ 230ರ ಬದಲು 400ರ ಹತ್ತಿರಕ್ಕೆ ವೋಲ್ಟೇಜು ಏರಬಹುದು. ಆದರೆ ಅದು ತನ್ನ ಗುರುತು ಬಿಟ್ಟು ಹೋಗುತ್ತದೆ. ಫ್ಯೂಸಿನ ಪಕ್ಕದಲ್ಲಿ ನೀಲಿ ಅಥವಾ ಹಳದಿ ಬಣ್ಣದ, ಬಿಲ್ಲೆಯಾಕಾರದ, 10ಡಿ471 ಎಂಬಂಥ ಗುರುತಿನ ವೇರಿಸ್ಟರ್ ಎಂಬ ಭಾಗವಿದ್ದರೆ ಅದು ಸೀಳಿ ಕಪ್ಪಾಗಿರುತ್ತದೆ. 300 ವೋಲ್ಟ್ ಪರ್ಯಾಯ ವಿದ್ಯುತ್ತಿನ ಮಿತಿ ಮೀರಿದಾಗ ತಾನು ಶಾರ್ಟ್ ಆಗಿ ಫ್ಯೂಸನ್ನು ಹಾರಿಸುವುದೇ ಅದರ ಧರ್ಮ. ಅಂಥ ರಾತ್ರಿ ಓಣಿಯ ಇತರ ಮನೆಗಳ ಟಿವಿ, ಫ್ರಿಜ್, ಮೊಬೈಲ್ ಚಾರ್ಜರುಗಳೂ ಒಟ್ಟಿಗೆ ಹೋಗಿರುತ್ತವೆ. ಒಂದೇ ಮನೆಯ ಒಂದೇ ಸೆಟ್ಟು, ಫ್ಯೂಸು ಸಾಬೂತಿದ್ದು, ವಾಸನೆಯಿಲ್ಲದೆ ನಿಂತಿದ್ದರೆ ಕರೆಂಟನ್ನು ಬಯ್ಯುವ ಮೊದಲು ಆ ಚಿಕ್ಕ ಕೆಪಾಸಿಟರನ್ನು ನೋಡುವುದು ನ್ಯಾಯ. ವೇರಿಸ್ಟರನ್ನು ಕಿತ್ತು ಹಾಕಿ, ಫ್ಯೂಸು ಬದಲಿಸಿ ಸೆಟ್ಟು ನಡೆಯಿತೆಂದು ಸುಮ್ಮನಾಗುವುದು ಸರಿಯಲ್ಲ, ಮುಂದಿನ ಸಲ ಕಾಯುವವರು ಯಾರೂ ಇರುವುದಿಲ್ಲ.

ಸೌದಿ, ದುಬೈಗಳಲ್ಲಿ ದುಡಿದು ಬಂದವರ ಮನೆಗಳಲ್ಲಿ ಒಳ್ಳೊಳ್ಳೆಯ ಹಳೆಯ ಜಪಾನಿ ಸೆಟ್ಟುಗಳಿವೆ. ಅವುಗಳಲ್ಲಿ ಕೆಲವಕ್ಕೆ ಹಿಂಬದಿಯಲ್ಲಿ ವೋಲ್ಟೇಜ್ ಆರಿಸುವ ಸ್ವಿಚ್ಚಿರುತ್ತದೆ. ಸೌದಿಯಲ್ಲಿ ಬಹುಕಾಲ ಮನೆಗಳಿಗೆ 127 ವೋಲ್ಟಿನ ಪೂರೈಕೆಯಿತ್ತು. ಅಲ್ಲಿ 110–127ಕ್ಕೆ ತಿರುಗಿಸಿದ ಸ್ವಿಚ್ಚನ್ನು ನೋಡದೆ ನಮ್ಮ 230ಕ್ಕೆ ಹಚ್ಚಿದರೆ ಫ್ಯೂಸು ಕ್ಷಣದಲ್ಲಿ ಹೋಗುತ್ತದೆ, ಫ್ಯೂಸು ತಡವಾದರೆ ಟ್ರಾನ್ಸ್‌ಫಾರ್ಮರಿನೊಳಗಿನ, ಕಾವು ಮಿತಿ ಮೀರಿದರೆ ಕಡಿಯುವ ಥರ್ಮಲ್ ಫ್ಯೂಸು ಹೋಗುತ್ತದೆ. ಈ ಎರಡನೆಯದು ಹೊರಗೆ ಕಾಣುವುದಿಲ್ಲ. ಪ್ಲಗ್ಗು ಕಿತ್ತು ಮೇನ್ಸ್ ಬದಿಯ ಪ್ರೈಮರಿ ಸುರುಳಿಯ ರೋಧ ಅಳೆದಾಗ ದೊಡ್ಡ ಟ್ರಾನ್ಸ್‌ಫಾರ್ಮರಿಗೆ ಕೆಲವು ಓಮ್, ಚಿಕ್ಕದಕ್ಕೆ ಕೆಲವು ನೂರು ಓಮ್ ಬರಬೇಕು. ಏನೂ ಬರದಿದ್ದರೆ ಹಳದಿ ಪಟ್ಟಿಯ ಪದರದ ಕೆಳಗೆ ಅದು ಕಡಿದು ಕೂತಿರುತ್ತದೆ. ನಾಜೂಕಿನ ಕೈಯವರು ಪಟ್ಟಿ ಬಿಡಿಸಿ ಅಷ್ಟೇ ಡಿಗ್ರಿಯ ಹೊಸದನ್ನು ಹಾಕಬಹುದು, ಆದರೆ ಬೆಸೆಯುವಾಗ ಅದರ ಕಾಲನ್ನು ಇಕ್ಕಳದಲ್ಲಿ ಹಿಡಿಯದಿದ್ದರೆ ಬೆಸುಗೆಯ ಕಾವಿಗೇ ಅದು ಕಡಿಯುತ್ತದೆ. ಅದಕ್ಕೂ ಮೊದಲು ಸೆಕೆಂಡರಿ ಬದಿಯಲ್ಲಿ ಯಾವ ಡಯೋಡು ಶಾರ್ಟ್ ಆಗಿದೆ ಎಂಬುದನ್ನು ಹುಡುಕಬೇಕು. ಥರ್ಮಲ್ ಫ್ಯೂಸು ಕಾರಣವಿಲ್ಲದೆ ಹೋಗುವುದು ಅಪರೂಪ.

ಊರಲ್ಲೇ ಕೂಡಿಸಿದ ಅಸೆಂಬಲ್ ಸೆಟ್ಟುಗಳು ಈ ಎಲ್ಲಕ್ಕಿಂತ ಸರಳ. ಪ್ಲೈವುಡ್ಡಿನ ಡಬ್ಬಿ, 12-0-12 ಟ್ರಾನ್ಸ್‌ಫಾರ್ಮರ್, ನಾಲ್ಕು ಡಯೋಡು, ಎರಡು ದೊಡ್ಡ ಕೆಪಾಸಿಟರು, ಎಲ್‌ಎ 4440 ಅಥವಾ ಟಿಡಿಎ 2030 ಐಸಿಯ ಬೋರ್ಡು. 12 ವೋಲ್ಟಿನ ಸುರುಳಿಯಿಂದ ಕೆಪಾಸಿಟರಿನಲ್ಲಿ ಸುಮಾರು 17 ವೋಲ್ಟ್ ನಿಲ್ಲಬೇಕು. ನಿಲ್ಲದಿದ್ದರೆ ಡಯೋಡುಗಳನ್ನು ಮೀಟರಿನ ಡಯೋಡು ಗುರುತಿನಲ್ಲಿ ಒಂದೊಂದಾಗಿ ನೋಡಿದರಾಯಿತು: ಒಂದು ದಿಕ್ಕಿನಲ್ಲಿ 0.5ರಿಂದ 0.7, ಇನ್ನೊಂದು ದಿಕ್ಕಿನಲ್ಲಿ ಏನೂ ಇಲ್ಲ. ಎರಡೂ ದಿಕ್ಕಿನಲ್ಲಿ ಸೊನ್ನೆ ಬಂದದ್ದು ಶಾರ್ಟ್ ಆಗಿದೆ. ಟಿಡಿಎ 2030ರ ಲೋಹದ ಬೆನ್ನು ಋಣ ವೋಲ್ಟೇಜಿಗೆ ಸೇರಿರುತ್ತದೆ. ಧನ, ಋಣ ಎರಡೂ ಪೂರೈಕೆ ಇರುವ ಬೋರ್ಡಿನಲ್ಲಿ ಅಭ್ರಕದ ಬಿಲ್ಲೆಯಿಲ್ಲದೆ ಅದನ್ನು ಹೀಟ್‌ಸಿಂಕಿಗೆ ಬಿಗಿದು, ಆ ಹೀಟ್‌ಸಿಂಕು ಗ್ರೌಂಡಿಗೆ ತಾಗಿದರೆ, ಸೆಟ್ಟು ಎಂದೂ ಏಳುವುದಿಲ್ಲ.

ಕೆಂಪು ದೀಪ ಉರಿಯುತ್ತಿದ್ದೂ ಚಾಲೂ ಆಗದ ಸೆಟ್ಟಿನಲ್ಲಿ ನಾನು ಮೊದಲು ಅಳೆಯುವುದು ಸ್ಟ್ಯಾಂಡ್‌ಬೈನ 5 ವೋಲ್ಟನ್ನು. ದೀಪ ಉರಿಯಲು 3 ವೋಲ್ಟಿದ್ದರೂ ಸಾಕಾಗಬಹುದು, ಒಳಗಿನ ನಿಯಂತ್ರಕ ಐಸಿ ಎಚ್ಚರಗೊಳ್ಳಲು, ರಿಲೇ ಎಳೆಯಲು ಸಾಲದು. ಟ್ರಾನ್ಸ್‌ಫಾರ್ಮರಿಲ್ಲದೆ ಒಂದು ದೊಡ್ಡ ಚೌಕಾಕಾರದ ಕೆಪಾಸಿಟರಿನ ಮೂಲಕವೇ 230ನ್ನು ಇಳಿಸಿಕೊಳ್ಳುವ ಅಗ್ಗದ ಸ್ಟ್ಯಾಂಡ್‌ಬೈ ಸಪ್ಲೈಗಳಲ್ಲಿ ಆ ಕೆಪಾಸಿಟರು ವರ್ಷಗಳಲ್ಲಿ ಸವೆದು, 0.47 ಎಂದು ಬರೆದಲ್ಲಿ ಅರ್ಧವೂ ಉಳಿದಿರುವುದಿಲ್ಲ. ಅದನ್ನು ಬದಲಿಸುವಾಗ ಎಕ್ಸ್2 ಎಂಬ ಗುರುತಿರುವುದನ್ನೇ ಹಾಕಬೇಕು, ಅದು ಮೇನ್ಸ್ ವಿದ್ಯುತ್ತಿಗೆ ಅಡ್ಡವಾಗಿ ನಿಲ್ಲುವ ಭಾಗ. ಇಂಥ ಸಪ್ಲೈಗಳಲ್ಲಿ 5 ವೋಲ್ಟಿನ ಬದಿಯೂ ಮೇನ್ಸಿಗೆ ನೇರವಾಗಿ ಸೇರಿರುತ್ತದೆ ಎಂಬುದನ್ನು ಮರೆತು ಬೆರಳು ಹಾಕಬಾರದು.

ಇವೆಲ್ಲದರ ನಡುವೆ ಯಾವ ಪುಸ್ತಕವೂ ಹೇಳದ ಕಾರಣವೊಂದಿದೆ: ಹಲ್ಲಿ. ಬೆಚ್ಚಗಿನ ಜಾಗ ಹುಡುಕಿ ಜಾಲರಿಗಂಡಿಯಿಂದ ಒಳಹೋದ ಹಲ್ಲಿ ಫೇಸ್ ಮತ್ತು ನ್ಯೂಟ್ರಲ್ ಬಿಂದುಗಳನ್ನು ಒಟ್ಟಿಗೆ ಮುಟ್ಟಿದರೆ ಅದರ ಜೀವದ ಜೊತೆಗೆ ಫ್ಯೂಸೂ ಹೋಗುತ್ತದೆ. ಅದನ್ನು ತೆಗೆದು, ಬೋರ್ಡಿನ ಆ ಜಾಗದಲ್ಲಿ ಕರಿಯಾದ ಪದರವನ್ನು ಪೂರ್ತಿ ಕೆರೆದು ಸ್ವಚ್ಛ ಮಾಡಬೇಕು, ಏಕೆಂದರೆ ಸುಟ್ಟ ಇಂಗಾಲವೇ ಮುಂದೆ ವಿದ್ಯುತ್ತು ಹರಿಯುವ ದಾರಿಯಾಗುತ್ತದೆ. ಹಾಗೆಯೇ ಟ್ರಾನ್ಸ್‌ಫಾರ್ಮರ್, ಹೀಟ್‌ಸಿಂಕಿನಂಥ ತೂಕದ ಭಾಗಗಳ ಕಾಲುಗಳ ಸುತ್ತ ಬೆಸುಗೆಯಲ್ಲಿ ಉಂಗುರದಂಥ ಸಣ್ಣ ಬಿರುಕಿದ್ದರೆ ಅಲ್ಲಿ ಹೊಸ ಸೀಸ ಹರಿಸಬೇಕು; ವೂಫರಿನ ಅದೇ ಡಬ್ಬಿಯೊಳಗೆ ಬೋರ್ಡಿರುವ ಸೆಟ್ಟುಗಳಲ್ಲಿ ಅದರ ನಡುಕಕ್ಕೆ ಈ ಬಿರುಕುಗಳು ಹೆಚ್ಚು.

ಕಾಕಾ ಅವರ ಸೆಟ್ಟಿಗೆ 47 ಮೈಕ್ರೊಫ್ಯಾರಡ್, 50 ವೋಲ್ಟ್, 105 ಡಿಗ್ರಿಯ ಹೊಸ ಕೆಪಾಸಿಟರು ಬಿತ್ತು. ಹೊರಬದಿಯ 12 ಮತ್ತು 5 ವೋಲ್ಟಿನ ಸಾಲುಗಳಲ್ಲಿದ್ದ ಅದೇ ವಯಸ್ಸಿನ ಕೆಪಾಸಿಟರುಗಳನ್ನೂ ಬದಲಿಸಿದೆ, ಅವೂ ಅದೇ ಕಾವಿನಲ್ಲಿ ಅಷ್ಟೇ ಕಾಲ ಬೆಂದವು. ಮೊದಲು ಸೀರೀಸ್ ಬಲ್ಬಿನ ಮೂಲಕ, ಆಮೇಲೆ ನೇರವಾಗಿ ಹಚ್ಚಿದಾಗ 12.1 ಮತ್ತು 5.0 ವೋಲ್ಟ್ ಬಂದವು. ಅಷ್ಟಕ್ಕೇ ಸೆಟ್ಟನ್ನು ಹಿಂತಿರುಗಿಸಲಿಲ್ಲ. ಈ ರೋಗ ವಾಸಿಯಾಗಿದೆಯೇ ಎಂಬುದು ಬಿಸಿಯಾದ ಸೆಟ್ಟಿನಲ್ಲಿ ತಿಳಿಯುವುದಿಲ್ಲವಾದ್ದರಿಂದ ರಾತ್ರಿಯಿಡೀ ಪ್ಲಗ್ಗು ಕಿತ್ತಿಟ್ಟು, ಮುಂಜಾನೆ ತಣ್ಣಗಿದ್ದಾಗಲೇ ಚಾಲೂ ಮಾಡಿ ನೋಡಬೇಕು. ರಿಪೇರಿ ಮಾಡಿಸಿಕೊಂಡವರೂ ಅಂಗಡಿಯಿಂದ ತಂದ ಸೆಟ್ಟನ್ನು ಹೀಗೆಯೇ ಪರೀಕ್ಷಿಸಿಕೊಳ್ಳುವುದು ಒಳ್ಳೆಯದು. ಅಂಗಡಿಯ ಮೇಜಿನ ಮೇಲೆ ಬೆಚ್ಚಗೆ ಹಾಡುತ್ತಿದ್ದ ಸೆಟ್ಟು ಮನೆಯಲ್ಲಿ ಏಳದೆ ಜಗಳವಾಗುವುದನ್ನು ಕಂಡಿದ್ದೇನೆ.

ಬಿಡಿಭಾಗಗಳ ಬಗ್ಗೆ ಒಂದು ಮಾತು ಉಳಿದಿದೆ. ಅಂಗಡಿಯಲ್ಲಿ “47 ಮೈಕ್ರೊ” ಎಂದಷ್ಟೇ ಕೇಳಿದರೆ 85 ಡಿಗ್ರಿಯದೋ 25 ವೋಲ್ಟಿನದೋ ಕೈಗೆ ಬರುತ್ತದೆ. ಮೈಮೇಲೆ 105 ಡಿಗ್ರಿ ಎಂದು ಅಚ್ಚಾಗಿರುವುದನ್ನು ಓದಿಯೇ ಕೊಳ್ಳಬೇಕು. ವೋಲ್ಟಿನ ಅಂಕಿ ಮೂಲದಷ್ಟೇ ಅಥವಾ ಅದಕ್ಕಿಂತ ಹೆಚ್ಚಿರಬಹುದು, ಕಡಿಮೆಯಿರಕೂಡದು. ಹಳೆಯ ಸೆಟ್ಟಿನಿಂದ ಕಿತ್ತ ಟ್ರಾನ್ಸಿಸ್ಟರು, ಐಸಿಗಳನ್ನು ನಾನು ಸಂತೋಷದಿಂದ ಬಳಸುತ್ತೇನೆ, ಏಕೆಂದರೆ ಪೇಟೆಯ ಹೊಸ ನಕಲುಗಳಿಗಿಂತ ಅವು ಎಷ್ಟೋ ಮೇಲು. ಹಳೆಯ ಎಲೆಕ್ಟ್ರೋಲಿಟಿಕ್ ಕೆಪಾಸಿಟರನ್ನು ಮಾತ್ರ ಎಂದೂ ಬಳಸುವುದಿಲ್ಲ. ಊರಲ್ಲಿ ಸಿಗದ ಭಾಗಗಳಿಗೆ ಹೈದರಾಬಾದಿನ ಕೋಠಿಯ ಗುಜರಾತಿ ಗಲ್ಲಿ ನಮಗೆ ಬೆಂಗಳೂರಿಗಿಂತ ಹತ್ತಿರ. ಹುಸೇನ್ ಸಾಗರ್ ಎಕ್ಸ್‌ಪ್ರೆಸ್ಸಿಗೆ ಹೋಗುವ ಪರಿಚಯದವರ ಕೈಗೆ ಕೆಟ್ಟ ಭಾಗವನ್ನೇ ಚೀಟಿಯಲ್ಲಿ ಸುತ್ತಿ ಕೊಟ್ಟರೆ, ಅಂಕಿ ತಪ್ಪು ಹೇಳಿ ಬೇರೆಯದನ್ನು ತರುವ ಭಯವಿರುವುದಿಲ್ಲ.